ಒಂದೇ ಮರವನ್ನು ಆರು ಸಲ ಬರೆಯುವುದು ಹೇಗೆ

"ಮರ ಎಲ್ಲಿ ಹೋಯ್ತೇ?"

ಸಾಗರದಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ಕೇಳಿದ್ದು ಇದು. ಮೊದಲನೇ ಹಾಳೆ ತೋರಿಸಿದಾಗ "ಚೆನ್ನಾಗಿದೆ ಕಣೇ, ನಮ್ಮ ಹಿತ್ತಲ ನೆಲ್ಲಿಮರದ ಹಾಗೇ ಇದೆ" ಅಂದಿದ್ದಳು. ಎರಡನೆಯದಕ್ಕೆ "ಕೆಂಪು ಜಾಸ್ತಿ ಆಯ್ತು" ಅಂದಳು. ಮೂರನೆಯದಕ್ಕೆ ಬರೀ "ಹೂಂ". ನಾಲ್ಕನೆಯದಕ್ಕೆ ಈ ಪ್ರಶ್ನೆ. ಅದರಲ್ಲಿ ಬಾಗಿದ ಗೆರೆಗಳು ಬಿಟ್ಟರೆ ಬೇರೇನೂ ಇರಲಿಲ್ಲ.

ಮಾಡರ್ನ್ ಆರ್ಟ್ ಮುಂದೆ ನಿಂತಾಗ ನಮಗೆಲ್ಲ ಬರುವ ಪ್ರಶ್ನೆಯೂ ಇದೇ ಅಲ್ವಾ? ಮರ ಎಲ್ಲಿ, ಮುಖ ಎಲ್ಲಿ, ಮನೆ ಎಲ್ಲಿ? ಪುಸ್ತಕಗಳಲ್ಲಿ ಉತ್ತರ ಹುಡುಕಿ ನನಗೆ ಸಾಕಾಗಿತ್ತು. ಪೆನ್ಸಿಲ್ ಹಿಡಿದು ಒಂದೇ ಮರವನ್ನು ಮತ್ತೆ ಮತ್ತೆ ಬರೆದಾಗ ಗೊತ್ತಾಯಿತು, ಮರ ಒಂದೇ ಏಟಿಗೆ ಮಾಯ ಆಗುವುದಿಲ್ಲ. ಒಂದು ಸಲಕ್ಕೆ ಒಂದನ್ನು ಬಿಡುತ್ತಾ ಹೋಗುತ್ತೇವೆ. ಮೊದಲು ಕಂಡ ಬಣ್ಣ, ಆಮೇಲೆ ದೂರ-ಹತ್ತಿರ, ಆಮೇಲೆ ಕಾಂಡ, ಆಮೇಲೆ ಬಾಗು. ಪೀಟ್ ಮಾಂಡ್ರಿಯಾನ್ ಎಂಬ ಡಚ್ ಚಿತ್ರಕಾರ 1908ರಿಂದ ಶುರು ಮಾಡಿ ಹೀಗೇ ನಡೆದ. ಅವನ ಹಿಂದೆ ನಾವೂ ನಡೆದು ನೋಡಬಹುದು. ಎರಡು ಶನಿವಾರ-ಭಾನುವಾರ ಸಾಕು.

ನಾನು ಎಂಟು ವರ್ಷದಿಂದ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿದ್ದೇನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಚಿತ್ರ ಕಲಿಯೋಣ ಅಂತ ಇಲ್ಲೇ ಒಂದು ವೀಕೆಂಡ್ ಕ್ಲಾಸಿಗೆ ದುಡ್ಡು ಕಟ್ಟಿ ಸೇರಿದ್ದೆ. ಮೊದಲ ದಿನವೇ ಮೇಷ್ಟ್ರು ದಪ್ಪ ಬ್ರಷ್ ಕೈಗೆ ಕೊಟ್ಟು "ಮನಸ್ಸಿಗೆ ಬಂದದ್ದನ್ನು ಬಳಿಯಿರಿ, ಅದೇ ಅಬ್‌ಸ್ಟ್ರಾಕ್ಟ್" ಅಂದರು. ಬಳಿದೆ. ಬಿಸಿಬೇಳೆಬಾತ್ ಚೆಲ್ಲಿದ ಹಾಗಿತ್ತು. ಅವರು ತುಂಬಾ ಚೆನ್ನಾಗಿದೆ ಅಂದರು. ಪಕ್ಕದವರದ್ದೂ ತುಂಬಾ ಚೆನ್ನಾಗಿತ್ತಂತೆ. ಯಾವುದು ಯಾಕೆ ಚೆನ್ನಾಗಿದೆ ಅಂತ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಮೂರು ವಾರಕ್ಕೆ ಬಿಟ್ಟೆ.

ಅದೇ ಚಳಿಗಾಲ ಹೇಗ್ ನಗರದ ಕುನ್ಸ್ಟ್‌ಮ್ಯೂಸಿಯಂಗೆ ಹೋದೆ. 1935ರಲ್ಲಿ ತೆರೆದ, ಹಳದಿ ಇಟ್ಟಿಗೆಯ ತಗ್ಗು ಕಟ್ಟಡ. ಮಾಂಡ್ರಿಯಾನ್ ಚಿತ್ರಗಳು ಅಲ್ಲಿರುವಷ್ಟು ಬೇರೆಲ್ಲೂ ಇಲ್ಲ, ಸುಮಾರು 300. ಅವನ ಕೆಂಪು ಮರ, ಬೂದು ಮರ, ಹೂಬಿಟ್ಟ ಸೇಬಿನ ಮರ ಮೂರೂ ಅಲ್ಲೇ ಇವೆ. ಒಂದರಿಂದ ಇನ್ನೊಂದಕ್ಕೆ ನಾನು ಎರಡು ನಿಮಿಷದಲ್ಲಿ ನಡೆದೆ. ಅವನಿಗೆ ನಾಲ್ಕು ವರ್ಷ ಹಿಡಿದಿತ್ತು. ಕೆಂಪು ಮರ ಶುರು ಮಾಡಿದಾಗ ಅವನಿಗೆ 36. ನನಗೂ ಆಗ ಅಷ್ಟೇ ವಯಸ್ಸು. ಹಾಗಾಗಿ ಸ್ವಲ್ಪ ಧೈರ್ಯ ಬಂತು.

ಸಾಮಾನು ಜಾಸ್ತಿ ಏನೂ ಬೇಡ. ಡ್ರಾಯಿಂಗ್ ಹಾಳೆ, 2ಬಿ ಮತ್ತು 6ಬಿ ಪೆನ್ಸಿಲ್, ಮೆಂಡರ್, ರಬ್ಬರ್. ಪೋಸ್ಟರ್ ಕಲರ್‌ನಲ್ಲಿ ಕೆಂಪು, ನೀಲಿ, ಬಿಳಿ, ಕಪ್ಪು. ಕೈಬೆರಳಷ್ಟು ಅಗಲದ ಒಂದು ಚಪ್ಪಟೆ ಬ್ರಷ್. ಕೊನೆಯ ಹಾಳೆಗೆ ಕರೆಂಟ್ ಕೆಲಸದವರು ಬಳಸುವ ಕಪ್ಪು ಇನ್ಸುಲೇಶನ್ ಟೇಪ್. ಒಂದು ರಟ್ಟಿನ ನಡುವೆ ಪೋಸ್ಟ್‌ಕಾರ್ಡ್ ಅಳತೆಯ ಕಿಂಡಿ ಕತ್ತರಿಸಿಕೊಳ್ಳಿ. ಹಳೇ ಮದುವೆ ಕರೆಯೋಲೆಯ ರಟ್ಟು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತೆ.

ಮರ ಆರಿಸುವಾಗ ಅವಸರ ಬೇಡ. ಎಲೆ ಉದುರಿದ ಮರ ಬೇಕು. ನನ್ನದು ಪಕ್ಕದ ಮನೆಯ ಹಿತ್ತಲಿನ ಸೇಬಿನ ಮರ, ಅಡುಗೆಮನೆ ಕಿಟಕಿಯಿಂದ ಪೂರ್ತಿ ಕಾಣುತ್ತೆ. ನೀವು ಊರಲ್ಲಿದ್ದರೆ ಡಿಸೆಂಬರ್-ಜನವರಿಯಲ್ಲಿ ದೇವಕಣಗಿಲೆ ಹುಡುಕಿ. ಎಲೆ ಉದುರಿಸಿ ಬರೀ ಕವಲುಗಳಲ್ಲಿ ನಿಂತಿರುತ್ತೆ, ಪ್ರತಿ ಕವಲೂ ಬಾಗಿರುತ್ತೆ. ತೆಂಗು, ಅಡಿಕೆ ಬೇಡ, ಕೊಂಬೆಯೇ ಇಲ್ಲವಲ್ಲ. ಬೂರುಗವೂ ಬೇಡ. ಅದರ ಕೊಂಬೆಗಳು ಮೊದಲೇ ನೇರ ಅಡ್ಡಡ್ಡ ಹೋಗಿರುತ್ತವೆ, ನೀವು ಮಾಡಬೇಕಾದ ಕೆಲಸವನ್ನು ಮರವೇ ಮಾಡಿಬಿಟ್ಟಿರುತ್ತೆ.

ಮೊದಲನೇ ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಇದನ್ನು ಹಾರಿಸುವ ಆಸೆ ಆಗುತ್ತೆ, ಹಾರಿಸಬೇಡಿ. ಮಾಂಡ್ರಿಯಾನ್‌ನ ಅಪ್ಪ ಸ್ಕೂಲ್ ಹೆಡ್‌ಮೇಷ್ಟ್ರು, ಚಿಕ್ಕಪ್ಪ ಫ್ರಿಟ್ಸ್ ಬಯಲು-ಹೊಳೆಗಳ ಚಿತ್ರ ಬರೆಯುತ್ತಿದ್ದವರು. ಇವನು ಡ್ರಾಯಿಂಗ್ ಮೇಷ್ಟ್ರ ಪರೀಕ್ಷೆ ಪಾಸು ಮಾಡಿ, 1892ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅಕಾಡೆಮಿ ಸೇರಿ, ಆಮೇಲೆ ವರ್ಷಗಟ್ಟಲೆ ತೋಟದ ಮನೆ, ಗಾಳಿಗಿರಣಿ, ನೀರಂಚಿನ ಮರಗಳನ್ನು ಕಂಡ ಹಾಗೇ ಬರೆದವನು. ಬಿಡಬೇಕು ಅಂದರೆ ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ.

ರಟ್ಟಿನ ಕಿಂಡಿಯನ್ನು ಕಣ್ಣೆದುರು ಹಿಡಿದು ಮರ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅಂತ ಗೊತ್ತು ಮಾಡಿಕೊಳ್ಳಿ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳು ಸರಿಸಿ ಕಾಂಡದ ಎತ್ತರ ಅಳೆಯಿರಿ. ಅದೇ ಅಳತೆಯಲ್ಲಿ ಕೊಂಬೆಗಳ ಹರವು ಎಷ್ಟು ಸಲ ಹಿಡಿಯುತ್ತೆ ನೋಡಿ. ನನ್ನ ಸೇಬಿನ ಮರಕ್ಕೆ ಮೂರೂವರೆ ಸಲ ಹಿಡಿಯಿತು. ನಾನು ಒಂದೂವರೆ ಇರಬೇಕು ಅಂದುಕೊಂಡಿದ್ದೆ. ಮೊದಲು ಕಾಂಡ, ಆಮೇಲೆ ಮೂರು-ನಾಲ್ಕು ದೊಡ್ಡ ಕೊಂಬೆ, ಕೊನೆಗೆ ರೆಂಬೆ. ನಲವತ್ತು ನಿಮಿಷಕ್ಕೆ ನಿಲ್ಲಿಸಿ. ಸ್ಕೂಲಿನಲ್ಲಿ ಕಲಿತ ಕವಣೆ ಆಕಾರದ ಕವಲು ಕೈಗೆ ತಾನಾಗಿ ಬರುತ್ತೆ, ಅದರ ಮೇಲೆ ಒಂದು ಕಣ್ಣಿರಲಿ. ನಿಜವಾದ ಕೊಂಬೆಗಳಲ್ಲಿ ಒಂದು ನಮ್ಮ ಕಡೆ ಬರುತ್ತೆ, ಇನ್ನೊಂದು ಹಿಂದಕ್ಕೆ ಹೋಗುತ್ತೆ.

ಎರಡನೇ ಹಾಳೆ ಬೇಗ ಮುಗಿಯುತ್ತೆ. ಮೊದಲನೆಯದನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದು ಗೆರೆ ಇಳಿಸಿಕೊಳ್ಳಿ. ಮರಕ್ಕೆ ಕೆಂಪು, ಉಳಿದದ್ದಕ್ಕೆಲ್ಲ ನೀಲಿ. ಕಂದು ಬೇಡ, ಕಪ್ಪು ಬೇಡ. ಒಣಗಿದ ಮೇಲೆ ಕಾಂಡದ ಕೆಂಪಿನ ಮೇಲೆ ನಾಲ್ಕಾರು ನೀಲಿ ಗೀಟು, ನೆಲದ ನೀಲಿ ಮೇಲೆ ಸ್ವಲ್ಪ ಕೆಂಪು ಹಾಕಿ. ಒಣಗುವ ಮೊದಲೇ ಹಾಕಿದರೆ ಬದನೆಕಾಯಿ ಬಣ್ಣದ ಕೆಸರಾಗುತ್ತೆ. ಮಾಂಡ್ರಿಯಾನ್‌ನ ಕೆಂಪು ಮರ 1908 ಮತ್ತು 1910ರ ನಡುವಿನದ್ದು. ಆ ಹೊತ್ತಿಗೆ ಅವನು ಝೀಲ್ಯಾಂಡ್ ಕಡಲ ತೀರದ ಡೊಂಬುರ್ಗ್‌ಗೆ ಹೋಗಿ ಬರುತ್ತಿದ್ದ. ವ್ಯಾನ್ ಗಾಗ್‌ನ ಬಣ್ಣ ಕಣ್ಣಲ್ಲಿತ್ತು. ಮರ ಇನ್ನೂ ಮರವೇ, ಬಣ್ಣ ಮಾತ್ರ ಮರದ ಮಾತು ಕೇಳುವುದನ್ನು ಬಿಟ್ಟಿತ್ತು.

ಇಲ್ಲೊಂದು ಮಾತು. ಕ್ಯಾಮೆರಾ ಬಂತು, ಅದಕ್ಕೇ ಚಿತ್ರಕಾರರು ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಬಿಟ್ಟರು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇದು ಅರ್ಧ ನಿಜ ಅನಿಸುತ್ತೆ. ಡಾಗೇರ್‌ನ ಕ್ಯಾಮೆರಾ ಚಿತ್ರ 1839ರಲ್ಲೇ ಲೋಕಕ್ಕೆ ಗೊತ್ತಾಗಿತ್ತು. ಕೆಂಪು ಮರಕ್ಕೆ ಅಲ್ಲಿಂದ 70 ವರ್ಷ ಬೇಕಾಯಿತು. ನಡುವೆ ಫ್ರೆಂಚ್ ಚಿತ್ರಕಾರ ಮೋನೆ ಒಂದೇ ಹುಲ್ಲಿನ ಬಣವೆಯನ್ನು ಬೆಳಿಗ್ಗೆ, ಸಂಜೆ, ಹಿಮದಲ್ಲಿ ಮತ್ತೆ ಮತ್ತೆ ಬರೆದ. ಅದರಲ್ಲೊಂದನ್ನು ಮಾಸ್ಕೋದಲ್ಲಿ ನೋಡಿದ ಕಾಂಡಿನ್ಸ್ಕಿಗೆ (ಮುಂದೆ ಅಬ್‌ಸ್ಟ್ರಾಕ್ಟ್ ಚಿತ್ರಗಳಿಗೆ ಹೆಸರಾದ ರಷ್ಯನ್ ಚಿತ್ರಕಾರ) ಅದು ಬಣವೆ ಅಂತ ಗೊತ್ತಾಗಲಿಲ್ಲ. ಹಾಗಿದ್ದೂ ಚಿತ್ರ ಮನಸ್ಸಿನಿಂದ ಹೋಗಲಿಲ್ಲ ಅಂತ ಅವನೇ ಬರೆದುಕೊಂಡಿದ್ದಾನೆ. ಇಂಥ ಎಡವಟ್ಟುಗಳೂ ಕ್ಯಾಮೆರಾದಷ್ಟೇ ಕೆಲಸ ಮಾಡಿವೆ.

ಮೂರನೇ ಹಾಳೆಗೆ ಒಂದು ಇಡೀ ಮಧ್ಯಾಹ್ನ ಇಟ್ಟುಕೊಳ್ಳಿ.

ಬೂದು ಮರ 1911ರದ್ದು. ಮ್ಯೂಸಿಯಂನಲ್ಲಿ ಅದರ ಮುಂದೆ ನಿಂತಾಗ ಮೊದಲು ಮರ ಕಾಣುತ್ತೆ. ಒಂದು ನಿಮಿಷ ಬಿಟ್ಟರೆ ಕೊಂಬೆಗಳ ನಡುವಿನ ಜಾಗ ಎದ್ದು ಬರುತ್ತೆ. ಆ ಜಾಗವನ್ನೂ ಅವನು ಕೊಂಬೆಯಷ್ಟೇ ದಪ್ಪ ಬಣ್ಣದಲ್ಲಿ ಬಳಿದಿದ್ದಾನೆ. ಪಕ್ಕದಿಂದ ಬಗ್ಗಿ ನೋಡಿದರೆ ಆಕಾಶದ ತುಂಬ ಬ್ರಷ್ ಎಳೆದ ಸಾಲುಗಳು, ಗದ್ದೆ ಉತ್ತ ಹಾಗೆ. ಕಾವಲಿನವರು ನನ್ನನ್ನು ಹಿಂದೆ ಸರಿಯಿರಿ ಅಂದಿದ್ದು ಇಲ್ಲೇ. ಮರ ಮುಂದೆ, ಆಕಾಶ ಹಿಂದೆ ಅನ್ನುವ ಲೆಕ್ಕ ಈ ಚಿತ್ರದಲ್ಲಿ ನಡೆಯುವುದಿಲ್ಲ. ಎರಡೂ ಒಂದೇ ಗೋಡೆಯ ಕಲ್ಲುಗಳ ಹಾಗೆ ಅಕ್ಕಪಕ್ಕ ಕೂತಿವೆ.

ನಾವು ಮಾಡಬೇಕಾದದ್ದೂ ಇದನ್ನೇ. ಮೂರು ಬಟ್ಟಲಲ್ಲಿ ತಿಳಿ, ನಡು, ಕಡು ಬೂದು ಕಲಸಿಡಿ. ಬಣ್ಣ ದೋಸೆ ಹಿಟ್ಟಿನ ಹದಕ್ಕಿರಲಿ, ನೀರಾದರೆ ಬ್ರಷ್ಷಿನ ಸಾಲು ನಿಲ್ಲುವುದಿಲ್ಲ. ಗೆರೆಗಳನ್ನು ಮತ್ತೆ ಗಾಜಿನ ಮೇಲೆ ಇಳಿಸಿಕೊಳ್ಳಿ. ಈಗ ಕೊಂಬೆ ಮುಟ್ಟಬೇಡಿ. ಕೊಂಬೆಗಳ ನಡುವಿನ ಒಂದೊಂದು ಸಂದಿಗೂ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ನನ್ನದರಲ್ಲಿ 43 ಬಂದವು. ಒಂದನೇ ಸಂದಿಯಿಂದ ತುಂಬುತ್ತಾ ಬನ್ನಿ. ಪ್ರತಿ ಸಂದಿಯಲ್ಲೂ ಬ್ರಷ್ ಒಂದೇ ದಿಕ್ಕಿಗೆ ಹೋಗಬೇಕು, ಪಕ್ಕದ ಸಂದಿಯಲ್ಲಿ ದಿಕ್ಕು ಬೇರೆ ಆಗಬೇಕು. ಎಲ್ಲ ಸಂದಿ ತುಂಬಿದ ಮೇಲೆ ಉಳಿದ ಪಟ್ಟಿಗಳೇ ಕೊಂಬೆ. ಅವಕ್ಕೆ ಕಡು ಬೂದು ಕೊಡಿ, ಹಾಳೆಯ ಅಂಚಿಗೆ ಬಂದ ಹಾಗೆ ತೆಳು ಮಾಡುತ್ತಾ ಹೋಗಿ.

ಎಳೆ ರಂಗೋಲಿ ಹಾಕಿ ಅಭ್ಯಾಸ ಇದ್ದವರಿಗೆ ಇದು ಬೇಗ ಕೈ ಹತ್ತುತ್ತೆ. ಚುಕ್ಕಿ ಸುತ್ತ ಎಳೆ ಎಳೆಯುವಾಗ ನಮ್ಮ ಗಮನ ಎಳೆಗಿಂತ ಜಾಸ್ತಿ ಇರುವುದು ಚುಕ್ಕಿಗೆ ಬಿಟ್ಟ ಜಾಗದ ಮೇಲೆ. ಜಾಗ ಸಮ ಬಂದರೆ ಎಳೆ ತಾನಾಗಿ ಸರಿ ಹೋಗುತ್ತೆ. ನನಗೆ ಇದು ಹೊಳೆದದ್ದು ಹದಿನೇಳನೇ ಸಂದಿಯಲ್ಲೋ ಏನೋ. ಅಲ್ಲಿಯವರೆಗೂ "ಖಾಲಿ ಜಾಗ ತುಂಬುತ್ತಿದ್ದೇನೆ" ಅಂದುಕೊಂಡಿದ್ದೆ. ಆಮೇಲೆ ಖಾಲಿ ಅನ್ನುವುದೇ ಇಲ್ಲ ಅನಿಸಿತು. ಆರು ಹಾಳೆಯಲ್ಲಿ ಒಂದನ್ನೇ ಮಾಡಲು ಸಮಯ ಇದ್ದರೆ ಇದೊಂದನ್ನೇ ಮಾಡಿ.

ಬೂದು ಯಾಕೆ? ಅದೇ 1911ರ ಕೊನೆಯ ತಿಂಗಳುಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂನಲ್ಲಿ ಸೆಜಾನ್, ಬ್ರಾಕ್, ಪಿಕಾಸೊ ಚಿತ್ರಗಳ ಪ್ರದರ್ಶನ ನಡೆಯಿತು. ಪಿಕಾಸೊ, ಬ್ರಾಕ್ ಆಗ ಬೂದು-ಕಂದು ಬಿಟ್ಟು ಹೆಚ್ಚು ಬಣ್ಣ ಮುಟ್ಟುತ್ತಿರಲಿಲ್ಲ. ಬಣ್ಣ ಗಲಾಟೆ ಮಾಡಿದರೆ ಚಿತ್ರ ಕಟ್ಟಿದ ರೀತಿ ಕಾಣುವುದಿಲ್ಲ. ಪ್ರದರ್ಶನ ನೋಡಿದ ಮೇಲೆ ಮಾಂಡ್ರಿಯಾನ್ ಗಂಟುಮೂಟೆ ಕಟ್ಟಿ ಪ್ಯಾರಿಸ್‌ಗೆ ಹೊರಟ. ಡಚ್ಚರು ಅವನ ಮನೆತನದ ಹೆಸರನ್ನು ಎರಡು 'ಎ' ಹಾಕಿ ಬರೆಯುತ್ತಿದ್ದರು. ಅವನು ಒಂದನ್ನು ಕಿತ್ತುಹಾಕಿದ. ಬಿಡುವ ಚಟ ಹೆಸರನ್ನೂ ಬಿಡಲಿಲ್ಲ.

ನಾಲ್ಕನೇ ಹಾಳೆಗೆ ಕುರ್ಚಿ ತಿರುಗಿಸಿ, ಮರಕ್ಕೆ ಬೆನ್ನು ಹಾಕಿ ಕೂತುಕೊಳ್ಳಿ. ಇನ್ನು ನೋಡುವುದು ಮೂರನೇ ಹಾಳೆಯನ್ನು ಮಾತ್ರ. ಅದರಲ್ಲಿ ನಿಮಗೆ ಇಷ್ಟವಾದ ಮೂವತ್ತು ಬಾಗುಗಳನ್ನು ಆರಿಸಿ, ಅವನ್ನಷ್ಟೇ 6ಬಿ ಪೆನ್ಸಿಲ್‌ನಲ್ಲಿ ಹೊಸ ಹಾಳೆಗೆ ತನ್ನಿ. ಎರಡು ಬಾಗು ಸೇರಿದ ಕಡೆ ಬಾದಾಮಿ ಆಕಾರ ಬಂದರೆ ಒಳ್ಳೆಯದು. 1912ರ ಹೂಬಿಟ್ಟ ಸೇಬಿನ ಮರದ ತುಂಬ ಅಂಥವೇ ಇವೆ. ಹೂವು ಅಂತ ಒಂದೂ ಇಲ್ಲ, ತಿಳಿ ಬೂದು, ಹಸಿರು, ಮಣ್ಣಿನ ಬಣ್ಣದ ಚೂರುಗಳಷ್ಟೇ. ಹೆಸರು ಹೇಳದಿದ್ದರೆ ಮರ ಅಂತ ಗೊತ್ತಾಗುವುದು ಕಷ್ಟ.

ಶಿವಮೊಗ್ಗದಲ್ಲಿರುವ ತಂಗಿಯ ಮಗಳು, ಎಂಟನೇ ಕ್ಲಾಸು, ನನ್ನ ಜೊತೆಗೇ ಇದನ್ನು ಮಾಡುತ್ತಿದ್ದಳು. ಈ ಹಾಳೆಯ ಫೋಟೋ ಕಳಿಸಿ "ದೊಡ್ಡಮ್ಮ, ನಂದು ಮೀನಿನ ಮುಳ್ಳಿನ ತರ ಆಗಿದೆ" ಅಂದಳು. ನೋಡಿದರೆ ಹೌದು. ನಡುವಿನ ಕಾಂಡವನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಎಲ್ಲ ಗೆರೆಗಳೂ ಅದಕ್ಕೇ ಹೋಗಿ ಅಂಟಿಕೊಂಡಿದ್ದವು. "ಮಧ್ಯದ ಗೆರೆಯನ್ನ ಮೂರು ಕಡೆ ರಬ್ಬರ್ ಹಾಕಿ ಒಡಿ ಪುಟ್ಟಿ" ಅಂದೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಫೋಟೋ ಬಂತು. ಮೀನು ಹೋಗಿತ್ತು, ಮರವೂ ಹೋಗಿತ್ತು. ಆದರೂ ಯಾವ ಗೆರೆಯೂ ಬೀಳುವ ಹಾಗಿರಲಿಲ್ಲ, ಒಂದನ್ನೊಂದು ಹಿಡಿದುಕೊಂಡಿದ್ದವು. ನಿಮ್ಮದು ಸರಿ ಬಂದಿದೆಯಾ ಅಂತ ನೋಡಲು ಒಂದು ಗೆರೆಯನ್ನು ಬೆರಳಿಂದ ಮುಚ್ಚಿ. ಉಳಿದವು ಆ ಕಡೆ ವಾಲಿದ ಹಾಗೆ ಕಂಡರೆ ಆ ಗೆರೆ ಇರಬೇಕು. ಏನೂ ಆಗದಿದ್ದರೆ ಅಳಿಸಿ.

ಐದನೇ ಹಾಳೆಯಲ್ಲಿ ಬಾಗು ಹೋಗಿ ನೇರ ಗೆರೆ ಬರುತ್ತೆ. ಮರ ನಿಧಾನಕ್ಕೆ ಚೌಕವಾಯಿತು ಅಂತ ಬಾಣ ಹಾಕಿ ತೋರಿಸುವ ಪಟಗಳು ಬೇಕಾದಷ್ಟಿವೆ. ಅಷ್ಟು ಸಲೀಸಲ್ಲ ಅದು. ಪ್ಯಾರಿಸ್‌ನಲ್ಲಿ ಹಳೇ ಮನೆ ಕೆಡವಿದಾಗ ಪಕ್ಕದ ಕಟ್ಟಡದ ಗೋಡೆ ಬತ್ತಲಾಗುತ್ತಲ್ಲ, ಅದರ ಮೇಲೆ ಕೋಣೆಕೋಣೆಗಳ ಗುರುತು ಉಳಿದಿರುತ್ತೆ. ಮಾಂಡ್ರಿಯಾನ್ ಅಂಥ ಗೋಡೆಗಳನ್ನು ನಿಂತು ಸ್ಕೆಚ್ ಮಾಡಿಕೊಳ್ಳುತ್ತಿದ್ದ. 1914ರ ಒಂದು ಚಿತ್ರದಲ್ಲಿ ಗೋಡೆ ಜಾಹೀರಾತಿನ 'ಕುಬ್' ಅನ್ನುವ ಅಕ್ಷರಗಳೂ ಉಳಿದುಕೊಂಡಿವೆ. ಅದೇ ವರ್ಷ ಹುಷಾರಿಲ್ಲದ ಅಪ್ಪನನ್ನು ನೋಡಲು ಊರಿಗೆ ಬಂದ. ಯುದ್ಧ ಶುರುವಾಯಿತು. 1919ರವರೆಗೆ ಪ್ಯಾರಿಸ್‌ಗೆ ವಾಪಸ್ ಹೋಗಲು ಆಗಲಿಲ್ಲ. ಆಗ ಮತ್ತೆ ಡೊಂಬುರ್ಗ್‌ನ ಕಡಲು. ಅಲೆ ಅಡ್ಡ, ಕಡಲಿಗೆ ಚಾಚಿದ ಕಟ್ಟೆ ಉದ್ದ. 1915ರ ಚಿತ್ರದಲ್ಲಿ ಬಿಳಿ ಮೇಲೆ ಬರೀ ಕಪ್ಪು ಕೂಡಿಸು-ಕಳೆ ಚಿಹ್ನೆಗಳು, ಒಂದು ಮೊಟ್ಟೆಯಾಕಾರದೊಳಗೆ. ಅದು ಆಟರ್ಲೋ ಊರಿನ ಕ್ರೋಲರ್-ಮ್ಯೂಲರ್ ಮ್ಯೂಸಿಯಂನಲ್ಲಿದೆ. ಅಂದರೆ ಮರ, ಗೋಡೆ, ಕಡಲು ಮೂರೂ ಸೇರಿ ಈ ಗೆರೆ ಹುಟ್ಟಿತು.

ಇದಕ್ಕೆ ಒಂದು ಬೆಂಕಿಪೊಟ್ಟಣ ತನ್ನಿ. ಹಾಳೆ ಮೇಲೆ ದೊಡ್ಡ ಮೊಟ್ಟೆಯಾಕಾರ ಬರೆದು, ನಾಲ್ಕನೇ ಹಾಳೆಯ ಒಂದೊಂದು ಬಾಗಿನ ಜಾಗದಲ್ಲಿ ಒಂದೊಂದು ಕಡ್ಡಿ ಇಡಿ. ಮಲಗಿದ ಬಾಗಿಗೆ ಅಡ್ಡ ಕಡ್ಡಿ, ಎದ್ದು ನಿಂತ ಬಾಗಿಗೆ ಉದ್ದ ಕಡ್ಡಿ. ಓರೆಯಾಗಿ ಒಂದೂ ಬೇಡ. ದಾಟುವ ಕಡೆ ಕೂಡಿಸು ಆಗಲಿ. ಅಂಚಿನಲ್ಲಿ ಕಡ್ಡಿಗಳನ್ನು ಅರ್ಧ ಮುರಿದು ಚಿಕ್ಕದು ಮಾಡಿ. ಸರಿ ಅನಿಸಿದ ಮೇಲೆ ಒಂದೊಂದನ್ನೇ ಎತ್ತಿ, ಅಲ್ಲಿ ಬ್ರಷ್ಷಿನಲ್ಲಿ ಕಪ್ಪು ಗೀಟು ಹಾಕಿ. ಸ್ಕೇಲ್ ಹಿಡಿಯಬೇಡಿ. ಫ್ಯಾನ್ ಆರಿಸಿ.

ಆರನೆಯದು ನನ್ನ ಮಟ್ಟಿಗೆ ಹಾಳೆಯೇ ಅಲ್ಲ, ಫ್ರಿಜ್ ಬಾಗಿಲು. ಬಿಳಿ ಫ್ರಿಜ್ ಇದ್ದವರು ಪುಣ್ಯವಂತರು. ಕಪ್ಪು ಟೇಪಿನ ನಾಲ್ಕು ಪಟ್ಟಿ, ಕೆಂಪು, ಹಳದಿ, ನೀಲಿ ಕಾಗದದ ಒಂದೊಂದು ತುಂಡು. ಮೊದಲ ಸಲ ಪಟ್ಟಿಗಳನ್ನು ಸಮ ಅಂತರದಲ್ಲಿ ಅಂಟಿಸಿ, ಬಣ್ಣಗಳನ್ನು ನಡುವೆ ಕೂರಿಸಿದೆ. ಅಪ್ಪಟ ಬಾತ್‌ರೂಮ್ ಟೈಲ್ಸ್. ಆಮೇಲೆ ಗೊತ್ತಾಯಿತು: ಯಾವ ಎರಡು ಮನೆಯೂ ಒಂದೇ ಅಳತೆ ಇರಬಾರದು, ಬಣ್ಣ ಅಂಚಿಗೆ ಹೋಗಬೇಕು, ದೊಡ್ಡ ಮನೆ ಬಿಳಿಯಾಗೇ ಉಳಿಯಬೇಕು. 1920ರ ದಶಕದ ಶುರುವಿನ ಅವನ ಕೆಲವು ಚಿತ್ರಗಳಲ್ಲಿ ಕಪ್ಪು ಗೆರೆ ಅಂಚು ಮುಟ್ಟುವ ಮೊದಲೇ ನಿಂತುಬಿಡುತ್ತೆ. ನಾನೂ ಒಂದು ಪಟ್ಟಿಯನ್ನು ಎರಡು ಬೆರಳಷ್ಟು ಮೊದಲೇ ಕತ್ತರಿಸಿದೆ. ಇಡೀ ಬಾಗಿಲು ಸ್ವಲ್ಪ ಉಸಿರಾಡಿದ ಹಾಗಾಯಿತು. ಒಂದು ವಾರ ಹಾಗೇ ಬಿಡಿ. ಹಾಲು ತೆಗೆಯಲು ಹೋದಾಗಲೆಲ್ಲ ಒಂದನ್ನು ಕಿತ್ತು ಸ್ವಲ್ಪ ಸರಿಸಿ.

ಟೇಪು ಸರಿಸುವುದು ನನ್ನ ಸುಲಭದ ದಾರಿ ಅಂದುಕೊಳ್ಳಬೇಡಿ. ನ್ಯೂಯಾರ್ಕ್‌ನಲ್ಲಿ ಕೊನೆಯ ವರ್ಷಗಳಲ್ಲಿ ಮಾಂಡ್ರಿಯಾನ್ ಬಣ್ಣದ ಟೇಪು ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ ಚಿತ್ರ ಕಟ್ಟುತ್ತಿದ್ದ. 1944ರ ಫೆಬ್ರವರಿ 1ರಂದು ನ್ಯುಮೋನಿಯಾದಿಂದ ತೀರಿಕೊಂಡಾಗ 'ವಿಕ್ಟರಿ ಬೂಗಿ ವೂಗಿ' ಅರ್ಧಕ್ಕೇ ನಿಂತಿತ್ತು. ಹೇಗ್‌ನಲ್ಲಿ ಅದನ್ನು ಈಗಲೂ ಟೇಪಿನ ಚೂರುಗಳ ಸಮೇತ ನೋಡಬಹುದು. 1941ರ ಇನ್ನೊಂದು ಟೇಪಿನ ಚಿತ್ರ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿದೆ. ದಶಕಗಟ್ಟಲೆ ಅದನ್ನು ತಲೆಕೆಳಗಾಗಿ ನೇತು ಹಾಕಿದ್ದರು ಅಂತ 2022ರಲ್ಲಿ ಸುದ್ದಿಯಾಯಿತು. ಈಗ ತಿರುಗಿಸಿದರೆ ಒಣಗಿದ ಟೇಪು ಉದುರೀತು ಅಂತ ಹಾಗೇ ಬಿಟ್ಟಿದ್ದಾರೆ. ನಮ್ಮ ಯಜಮಾನರು ಈ ಸುದ್ದಿ ಓದಿ ಒಂದು ದಿನ ಪೂರ್ತಿ ನಕ್ಕರು. ನಗಲಿ. ನಾನು ನನ್ನ ಐದನೇ ಹಾಳೆ ತಿರುಗಿಸಿ ನೋಡಿದೆ, ಹಾಗೇ ಚೆನ್ನಾಗಿತ್ತು. ಹೆಸರನ್ನು ಇನ್ನೊಂದು ಮೂಲೆಗೆ ಬರೆದೆ.

ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಸ್ಟೂಲ್ ಮೇಲೆ ನಿಂತು ನೋಡಿ. ಯಾವ ಎರಡರ ನಡುವೆ ಜಿಗಿತ ಜಾಸ್ತಿ ಅನಿಸುತ್ತೋ ಅಲ್ಲಿ ಇನ್ನೊಂದು ಹಾಳೆ ಸೇರಿಸಬಹುದು. ನನಗೆ ಮೂರು-ನಾಲ್ಕರ ನಡುವೆ ಎರಡು ಸೇರಿಸಬೇಕಾಯಿತು. ಮೂರನೆಯದನ್ನು ಇನ್ನೊಮ್ಮೆ ಮಾಡೋಣ ಅಂತ ಕಿಟಕಿ ಹತ್ತಿರ ಕೂತರೆ, ಪಕ್ಕದ ಮನೆಯಜ್ಜ ಫೆಬ್ರವರಿಯಲ್ಲಿ ಮರ ಸವರಿಬಿಟ್ಟಿದ್ದರು. ಅರ್ಧ ಸಂದಿಗಳು ಹೋಗಿದ್ದವು.

ಹಾಳೆಗಳನ್ನು ಸುತ್ತಿ ರಟ್ಟಿನ ಕೊಳವೆಯಲ್ಲಿಟ್ಟು ಊರಿಗೆ ಕಳಿಸಿದೆ. ಅಮ್ಮ ಮೊದಲನೆಯದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಬೂದು ಬಣ್ಣದ್ದನ್ನು ಕಪಾಟಿನ ಬಾಗಿಲಿಗೆ ಸುಮ್ನೆ ಅಂಟಿಸಿಕೊಂಡಿದ್ದಾಳಂತೆ. ಯಾಕೆ ಅಂತ ಕೇಳಿದೆ.

"ಅದ್ರಲ್ಲಿ ನಿಮ್ಮೂರ ಚಳಿ ಕಾಣ್ತದೆ" ಅಂದಳು.